ಕ್ವೆರಿ ‘ಡಿಲೇಡ್’ ಎಂದು ನಿಂತಾಗ: ಟೆರಾಡೇಟಾ ಸರದಿಯಲ್ಲಿ ದೋಷ ಹುಡುಕುವ ದಾರಿ

ಸೋಮವಾರ ಬೆಳಿಗ್ಗೆ 9:40ಕ್ಕೆ ಫೋನ್ ಬಂತು. "ಸರ್, ಡೇಟಾಬೇಸ್ ತುಂಬಾ ಸ್ಲೋ ಇದೆ. ಸೇಲ್ಸ್ ರಿಪೋರ್ಟ್ ಇಪ್ಪತ್ತು ನಿಮಿಷದಿಂದ ಸುತ್ತುತ್ತಲೇ ಇದೆ." ಟೆರಾಡೇಟಾ ಡೇಟಾಬೇಸ್ ಮೇಲೆ ಕಣ್ಣಿಡುವ ವ್ಯೂಪಾಯಿಂಟ್ ಪರದೆ ತೆಗೆದು ನೋಡಿದೆ. ಸಿಪಿಯು ಬಳಕೆ 30 ಪರ್ಸೆಂಟ್ ಆಸುಪಾಸಿನಲ್ಲಿತ್ತು. ಮೆಷಿನ್ ಆರಾಮಾಗಿದೆ. ಆದರೆ ಕ್ವೆರಿ ಮಾನಿಟರ್‌ನಲ್ಲಿ 43 ಕ್ವೆರಿಗಳ (ಡೇಟಾಬೇಸ್‌ಗೆ ಕೇಳಿದ ಪ್ರಶ್ನೆಗಳ) ಮುಂದೆ ಒಂದೇ ಪದ: ಡಿಲೇಡ್.

ಇದನ್ನು ಮೊದಲ ಸಲ ನೋಡಿದವರು ಸಾಮಾನ್ಯವಾಗಿ ಎರಡರಲ್ಲಿ ಒಂದು ಮಾಡುತ್ತಾರೆ. ಥ್ರಾಟಲ್ ಮಿತಿಯನ್ನು, ಅಂದರೆ ಒಂದೇ ಹೊತ್ತಿಗೆ ಎಷ್ಟು ಕ್ವೆರಿ ಓಡಬಹುದು ಎಂಬ ಲೆಕ್ಕವನ್ನು, 10ರಿಂದ 30ಕ್ಕೆ ಏರಿಸುತ್ತಾರೆ. ಇಲ್ಲವೇ ನಿಂತವನ್ನೆಲ್ಲ ಒಂದೊಂದಾಗಿ ರಿಲೀಸ್ ಮಾಡುತ್ತಾ ಕೂರುತ್ತಾರೆ. ಎರಡನ್ನೂ ನಾನು ಮಾಡಿದ್ದೇನೆ, ಎರಡರಿಂದಲೂ ಪೆಟ್ಟು ತಿಂದಿದ್ದೇನೆ. ಈಗ ಮೊದಲು ನೋಡುವುದು ಬೇರೆ ಕಡೆ. ನಿಂತ ಕ್ವೆರಿ ಇನ್ನೂ ಒಳಗೇ ಹೋಗಿಲ್ಲ, ಅದರಲ್ಲಿ ನೋಡಲು ಏನಿದೆ? ಒಳಗೆ ಕೂತವರು ಯಾರು, ಅವರು ಯಾಕೆ ಏಳುತ್ತಿಲ್ಲ, ಅದನ್ನು ಹುಡುಕಬೇಕು.

ಇಲ್ಲಿ ಬರೆದಿರುವುದು ಟೆರಾಡೇಟಾದ ಟ್ಯಾಸ್ಮ್, ಅಂದರೆ ವರ್ಕ್‌ಲೋಡ್ (ಒಂದೇ ಬಗೆಯ ಕ್ವೆರಿಗಳ ಗುಂಪು) ನಿರ್ವಹಣೆಯ ವ್ಯವಸ್ಥೆಯನ್ನು ಮುಂದಿಟ್ಟುಕೊಂಡು. ಬೇರೆ ಡೇಟಾಬೇಸ್‌ಗಳಲ್ಲಿ ಹೆಸರುಗಳು ಬೇರೆ ಇರುತ್ತವೆ. ಹುಡುಕುವ ಕ್ರಮ ಹೆಚ್ಚುಕಮ್ಮಿ ಇದೇ.

ಪಂಕ್ತಿ ಮತ್ತು ಬಾಗಿಲು

ಮದುವೆ ಛತ್ರದ ಊಟದ ಹಾಲ್ ನೆನಪಿಸಿಕೊಳ್ಳಿ. ಒಂದು ಪಂಕ್ತಿಗೆ ನೂರು ಎಲೆ. ನೂರು ಜನ ಕೂತ ಮೇಲೆ ಉಳಿದವರು ಬಾಗಿಲಲ್ಲಿ ನಿಲ್ಲಬೇಕು. (ಕೆಲವರು ಉಣ್ಣುವವರ ಕುರ್ಚಿ ಹಿಂದೆಯೇ ಬಂದು ನಿಲ್ಲುತ್ತಾರೆ, ಆ ಮಾತು ಬೇರೆ.) ಇನ್ನೂರು ಎಲೆ ಹಾಕಿದರೆ ಕಾಯುವವರು ಕಮ್ಮಿ ಆಗಬಹುದು. ಆದರೆ ಬಡಿಸುವವರು ಅಷ್ಟೇ ಜನ, ಅಡುಗೆ ಭಟ್ಟರೂ ಅಷ್ಟೇ. ಕೂತವರೆಲ್ಲ ಖಾಲಿ ಎಲೆ ನೋಡುತ್ತಾ ಕೂರುತ್ತಾರೆ.

ಥ್ರಾಟಲ್ ಮಾಡುವುದೂ ಇದನ್ನೇ. ಕ್ವೆರಿ ಬಂದಾಗ ಪಾರ್ಸಿಂಗ್ ಇಂಜಿನ್ ಅದನ್ನು ಓದಿ, ಪ್ಲಾನ್ ತಯಾರಿಸುತ್ತದೆ. ಡೇಟಾವನ್ನು ಹಂಚಿಕೊಂಡು ಕೆಲಸ ಮಾಡುವ ಆಂಪ್ ಎಂಬ ಘಟಕಗಳಿಗೆ ಕಳಿಸುವ ಮೊದಲು ನಿಯಮಗಳನ್ನು ನೋಡುತ್ತದೆ. ಈ ವರ್ಕ್‌ಲೋಡ್‌ಗೆ 10ರ ಮಿತಿ ಇದ್ದು, ಆಗಲೇ 10 ಓಡುತ್ತಿದ್ದರೆ, ಹನ್ನೊಂದನೆಯದು ಡಿಲೇ ಕ್ಯೂನಲ್ಲಿ ನಿಲ್ಲುತ್ತದೆ. ಅಲ್ಲಿ ನಿಂತಿರುವಾಗ ಅದು ಸಿಪಿಯು ತಿನ್ನುವುದಿಲ್ಲ. ಲಾಕ್ (ಟೇಬಲ್ ಬಳಸುವಾಗ ಬೇರೆಯವರನ್ನು ತಡೆಯುವ ಬೀಗ) ಕೂಡ ಹಿಡಿದಿರುವುದಿಲ್ಲ, ಯಾಕೆಂದರೆ ಲಾಕ್ ತೆಗೆದುಕೊಳ್ಳುವುದು ಆಂಪ್‌ಗಳಿಗೆ ಹೋದ ಮೇಲೆ. ಈ ಮಾತಿಗೆ ಒಂದು ಕೆಟ್ಟ ಅಪವಾದ ಇದೆ. ಅದಕ್ಕೆ ಆಮೇಲೆ ಬರುತ್ತೇನೆ.

ಇನ್ನು ಬಡಿಸುವವರ ಲೆಕ್ಕ. ಪ್ರತಿ ಆಂಪ್‌ನಲ್ಲಿ ಡಿಫಾಲ್ಟ್ ಆಗಿ 80 ವರ್ಕರ್ ಟಾಸ್ಕ್‌ಗಳಿರುತ್ತವೆ. ಅದರಲ್ಲಿ 24 ಅನ್ನು ಬೇರೆ ಬೇರೆ ಬಗೆಯ ಕೆಲಸಗಳಿಗೆ, ಒಂದೊಂದಕ್ಕೆ ಮೂರರಂತೆ, ಮೊದಲೇ ಎತ್ತಿಟ್ಟಿರುತ್ತಾರೆ. ಹೊಸದಾಗಿ ಬರುವ ಕೆಲಸ ಒಂದು ಹೊತ್ತಿಗೆ 50ರ ತನಕ ಮಾತ್ರ ತೆಗೆದುಕೊಳ್ಳಬಹುದು. ಒಂದು ಕ್ವೆರಿಗೆ ಒಂದೇ ಟಾಸ್ಕ್ ಸಾಕು ಎಂದುಕೊಳ್ಳಬೇಡಿ. ಸಾಲುಗಳನ್ನು ಒಂದು ಆಂಪ್‌ನಿಂದ ಇನ್ನೊಂದಕ್ಕೆ ಹಂಚುವ ಹಂತ ಬಂದರೆ ಕಳಿಸುವವನು ಒಬ್ಬ, ತೆಗೆದುಕೊಳ್ಳುವವನು ಒಬ್ಬ, ಎರಡು ಬೇಕು. ಪ್ಲಾನ್‌ನಲ್ಲಿ ಹಂತಗಳು ಜೊತೆಜೊತೆಗೇ ಓಡಿದರೆ ಇನ್ನೂ ಜಾಸ್ತಿ. ಹಾಗಾಗಿ ಮಿತಿಯನ್ನು 10ರಿಂದ 30ಕ್ಕೆ ಒಯ್ಯುವುದೆಂದರೆ ಒಂದು ಅಂಕಿ ಬದಲಿಸಿದಷ್ಟು ಸಲೀಸಲ್ಲ. ಟಾಸ್ಕ್ ಖಾಲಿಯಾದರೆ ಆಂಪ್ ಒಳಗೇ ಸರದಿ ಶುರುವಾಗುತ್ತದೆ, ಅದು ನಮ್ಮ ಕೈಗೆ ಸಿಗುವುದಿಲ್ಲ. ಬಾಗಿಲಲ್ಲಿ ನಿಂತ ಸರದಿಯನ್ನಾದರೂ ಕಣ್ಣಲ್ಲಿ ನೋಡಬಹುದು.

ಮೊದಲು ಸ್ಥಿತಿ ನೋಡಿ

ಫೋನ್ ಮಾಡುವವರಿಗೆ ಎಲ್ಲವೂ "ಸ್ಲೋ". ಅವರ ತಪ್ಪಲ್ಲ, ಅವರ ಪರದೆ ಮೇಲೆ ಸುತ್ತುವ ಚಕ್ರ ಬಿಟ್ಟು ಬೇರೇನೂ ಕಾಣುವುದಿಲ್ಲ. ನಮಗೆ ಕಾಣುತ್ತದೆ. ಕ್ವೆರಿ ಮಾನಿಟರ್‌ನಲ್ಲಿ ಸೆಷನ್‌ನ ಸ್ಥಿತಿ ಡಿಲೇಡ್, ಬ್ಲಾಕ್ಡ್, ಆಕ್ಟಿವ್, ರೆಸ್ಪಾಂಡಿಂಗ್, ಐಡಲ್ ಎಂದೆಲ್ಲ ಇರುತ್ತದೆ. ಡಿಲೇಡ್ ಅಂದರೆ ಬಾಗಿಲಲ್ಲಿ ನಿಂತಿದೆ. ಬ್ಲಾಕ್ಡ್ ಅಂದರೆ ಎಲೆ ಮುಂದೆ ಕೂತಿದೆ, ಆದರೆ ಬೇರೆಯವರು ಹಿಡಿದ ಲಾಕ್‌ಗೆ ಕಾಯುತ್ತಿದೆ. ರೆಸ್ಪಾಂಡಿಂಗ್ ಅಂದರೆ ಕೆಲಸ ಮುಗಿದು ಉತ್ತರ ಕಳಿಸುತ್ತಿದೆ. ಕೆಲವೊಮ್ಮೆ ಯಾರೋ ಒಂದು ಕೋಟಿ ಸಾಲನ್ನು ಲ್ಯಾಪ್‌ಟಾಪ್‌ಗೆ ಇಳಿಸಿಕೊಳ್ಳುತ್ತಿರುತ್ತಾರೆ, ಅದೂ ವಿಪಿಎನ್ ಮೇಲೆ.

ಈ ಹಂತದಲ್ಲಿ ಒಂದು ಗುಂಡಿ ಇದೆ. ಬಹಳ ಜನ ಡಿಬಿಎಗಳು (ಡೇಟಾಬೇಸ್ ನೋಡಿಕೊಳ್ಳುವವರು) ಇದರಲ್ಲಿ ಬೀಳುತ್ತಾರೆ. ಬಳಕೆದಾರರ ಕ್ವೆರಿಯನ್ನು ಕಾಪಿ ಮಾಡಿಕೊಂಡು ತಮ್ಮ ಡಿಬಿಸಿ ಲಾಗಿನ್‌ನಲ್ಲಿ, ಅಂದರೆ ಡೇಟಾಬೇಸ್‌ನ ಮುಖ್ಯ ಯೂಸರ್ ಆಗಿ, ಓಡಿಸುತ್ತಾರೆ. ಐದೇ ಸೆಕೆಂಡಿನಲ್ಲಿ ಉತ್ತರ ಬರುತ್ತದೆ. "ನನಗೆ ಬರ್ತಿದೆಯಲ್ಲ ಮೇಡಂ, ನಿಮ್ಮ ಕಡೆ ನೆಟ್‌ವರ್ಕ್ ನೋಡಿ" ಎಂದು ಫೋನ್ ಇಡುತ್ತಾರೆ. ಡಿಬಿಸಿ ಯೂಸರ್‌ಗೆ ಥ್ರಾಟಲ್ ನಿಯಮಗಳು ಅನ್ವಯಿಸುವುದಿಲ್ಲ, ಅದು ಬಾಗಿಲನ್ನು ದಾಟಿಯೇ ಹೋಗುತ್ತದೆ. ಬೈಪಾಸ್ ಪಟ್ಟಿಯಲ್ಲಿ ಸೇರಿಸಿದ ಬೇರೆ ಯೂಸರ್‌ಗಳಿಗೂ ಅಷ್ಟೇ. ಪರೀಕ್ಷೆ ಮಾಡಬೇಕಾದರೆ ಅದೇ ವರ್ಕ್‌ಲೋಡ್‌ಗೆ ಬೀಳುವ ಸಾಮಾನ್ಯ ಯೂಸರ್‌ನಿಂದ ಮಾಡಿ.

ವ್ಯೂಪಾಯಿಂಟ್ ಕೈಗೆ ಸಿಗದಿದ್ದರೆ ಟಿಡಿಡಬ್ಲ್ಯುಎಂ ಡೇಟಾಬೇಸ್‌ನಲ್ಲಿ ಟಿಡಿಡಬ್ಲ್ಯುಎಂಗೆಟ್‌ಡಿಲೇಡ್‌ಕ್ವೆರೀಸ್ ಎಂಬ ಟೇಬಲ್ ಫಂಕ್ಷನ್ ಇದೆ. ಅದಕ್ಕೆ ಒಂದು ಸೆಲೆಕ್ಟ್ ಹಾಕಿದರೆ ಈ ಕ್ಷಣ ಸರದಿಯಲ್ಲಿ ನಿಂತವರ ಪಟ್ಟಿ ಸಿಗುತ್ತದೆ. ಲಾಗ್ ಟೇಬಲ್‌ನಲ್ಲಿ ಹುಡುಕಿದರೆ ಸಿಗುವುದಿಲ್ಲ. ಕ್ವೆರಿಗಳ ಲಾಗ್ ಆದ ಡಿಬಿಕ್ಯೂಎಲ್‌ಗೆ ಕ್ವೆರಿ ಬರುವುದು ಅದು ಮುಗಿದ ಮೇಲೆ. ಬಂದರೂ ಮೊದಲು ಕ್ಯಾಶ್‌ನಲ್ಲಿ ಕೂತು, ಡಿಫಾಲ್ಟ್ ಪ್ರಕಾರ ಹತ್ತು ನಿಮಿಷಕ್ಕೊಮ್ಮೆ ಟೇಬಲ್‌ಗೆ ಇಳಿಯುತ್ತದೆ. "ಲಾಗ್‌ನಲ್ಲಿ ಡಿಲೇ ಏನೂ ಇಲ್ಲ ಗುರು" ಎಂದು ಯಾರಾದರೂ ಹೇಳಿದರೆ, ಅವರು ನೋಡುತ್ತಿರುವುದು ಹಳೇ ಕಥೆ.

ಯಾವ ನಿಯಮ ತಡೆದಿದೆ

ಡಿಲೇಡ್ ಸೆಷನ್ ಮೇಲೆ ಕ್ಲಿಕ್ ಮಾಡಿದರೆ ತಡೆದ ಥ್ರಾಟಲ್‌ನ ಹೆಸರು ಬರುತ್ತದೆ. ಒಂದೇ ಹೆಸರು ಕಂಡಿತು ಎಂದು ಸುಮ್ನೆ ಆಗಬೇಡಿ. ಒಂದು ಕ್ವೆರಿ ಎರಡು ಮೂರು ಥ್ರಾಟಲ್‌ಗಳ ಕೆಳಗೆ ಬರಬಹುದು. ಇಡೀ ಸಿಸ್ಟಮ್‌ಗೆ ಒಂದು, ವರ್ಕ್‌ಲೋಡ್‌ಗೆ ಒಂದು. ಎಲ್ಲ ಬಾಗಿಲೂ ತೆರೆದರೆ ಮಾತ್ರ ಒಳಗೆ ಪ್ರವೇಶ. ಒಂದರ ಮಿತಿ ಏರಿಸಿ, ಸರದಿ ಯಾಕೆ ಕರಗಲಿಲ್ಲ ಎಂದು ತಲೆ ಕೆರೆದುಕೊಳ್ಳುವುದು ಇದಕ್ಕೇ.

ಇನ್ನೊಂದು ಮಾಮೂಲಿ ಎಡವಟ್ಟು, ಯೂಸರ್‌ಗೆ ಇಷ್ಟು ಎಂದು ಹಾಕಿದ ಮಿತಿ. ಒಬ್ಬರಿಗೆ 4 ಕ್ವೆರಿ ಎಂದು ಯಾರೋ ಒಳ್ಳೇ ಮನಸ್ಸಿನಿಂದ ಹಾಕಿರುತ್ತಾರೆ. ಆಮೇಲೆ ರಿಪೋರ್ಟಿಂಗ್ ಟೂಲ್ ಬರುತ್ತದೆ. ಅದು ಕಂಪನಿಯ ಮುನ್ನೂರು ಜನರ ಪರವಾಗಿ ಒಂದೇ ಸರ್ವಿಸ್ ಅಕೌಂಟ್‌ನಲ್ಲಿ ಲಾಗಿನ್ ಆಗುತ್ತದೆ. ಡೇಟಾಬೇಸ್ ಕಣ್ಣಿಗೆ ಮುನ್ನೂರು ಜನ ಸೇರಿ ಒಬ್ಬನೇ. ನಾಲ್ಕು ಎಲೆ, ಮುನ್ನೂರು ಜನ. ಟೂಲ್ ಕಡೆಯಿಂದ ಕ್ವೆರಿ ಬ್ಯಾಂಡ್ (ಕ್ವೆರಿ ನಿಜಕ್ಕೂ ಯಾರದ್ದು ಎಂದು ಹೇಳುವ ಚೀಟಿ) ಕಳಿಸುವ ವ್ಯವಸ್ಥೆ ಮಾಡಿ, ಅದರ ಆಧಾರದ ಮೇಲೆ ವರ್ಕ್‌ಲೋಡ್ ವಿಂಗಡಿಸಿದರೆ ಇದು ಸರಿಹೋಗುತ್ತದೆ.

ಅದೇ ಪಟ್ಟಿಯಲ್ಲಿ ಕ್ವೆರಿಯ ಪಠ್ಯವನ್ನೂ ಒಮ್ಮೆ ಓದಿ. ಆ ಸೋಮವಾರದ 43ರಲ್ಲಿ 11 ಒಂದೇ ಕ್ವೆರಿಯ ನಕಲು. ಚಕ್ರ ಸುತ್ತುತ್ತಿದೆ ಎಂದು ಜನ ಎಫ್5 ಒತ್ತುತ್ತಾರೆ, ಟೂಲ್ ಹೊಸ ಸೆಷನ್ ತೆರೆದು ಅದೇ ಕ್ವೆರಿ ಮತ್ತೆ ಕಳಿಸುತ್ತದೆ, ಹಳೆಯದು ಸರದಿಯಲ್ಲೇ ಉಳಿಯುತ್ತದೆ. ಸರದಿಯ ಉದ್ದ ನೋಡಿ ಗಾಬರಿಯಾಗುವ ಮೊದಲು ಇವನ್ನು ಕಳೆದು ಲೆಕ್ಕ ಹಾಕಿ.

ಎಲೆ ಮುಂದೆ ಕೂತವರು

ಈಗ ಮುಖ್ಯ ವಿಷಯ. ಆ ದಿನ ತಡೆದಿದ್ದು ರಿಪೋರ್ಟ್ ವರ್ಕ್‌ಲೋಡ್‌ನ ಥ್ರಾಟಲ್. ಮಿತಿ 10. ಒಳಗಿದ್ದ ಹತ್ತನ್ನು ಸ್ಥಿತಿಯ ಪ್ರಕಾರ ವಿಂಗಡಿಸಿ ನೋಡಿದೆ. ಒಂದು ಆಕ್ಟಿವ್. ಒಂಬತ್ತು ಬ್ಲಾಕ್ಡ್.

ಇಲ್ಲಿ ಒಂದು ನಿಯಮ ತಿಳಿದಿರಬೇಕು. ಬ್ಲಾಕ್ ಆದ ಕ್ವೆರಿ ತನ್ನ ಜಾಗ ಬಿಟ್ಟುಕೊಡುವುದಿಲ್ಲ. ಥ್ರಾಟಲ್ ಲೆಕ್ಕದಲ್ಲಿ ಅದೂ ಓಡುತ್ತಿರುವ ಕ್ವೆರಿಯೇ. ಊಟ ಮಾಡದಿದ್ದರೂ ಎಲೆ ಅದರದ್ದು. ಸಿಪಿಯು 30 ಪರ್ಸೆಂಟ್, ಸರದಿ ಮಾತ್ರ ಉದ್ದ, ಈ ಜೋಡಿ ಕಂಡರೆ ನನ್ನ ಮೊದಲ ಅನುಮಾನ ಇದರ ಮೇಲೆಯೇ.

ಬ್ಲಾಕ್ಡ್ ಸೆಷನ್ ತೆಗೆದು, ಅದನ್ನು ಯಾರು ತಡೆದಿದ್ದಾರೆ ಎಂಬ ವಿವರಕ್ಕೆ ಹೋದೆ. ಒಂಬತ್ತರಲ್ಲಿಯೂ ಒಂದೇ ಸೆಷನ್ ನಂಬರ್. ಟೇಬಲ್ ಕೂಡ ಒಂದೇ, ಬ್ರಾಂಚ್ ಮಾಸ್ಟರ್. ಸಾವಿರ ಸಾಲೂ ಇಲ್ಲದ ಪುಟ್ಟ ಟೇಬಲ್, ಆದರೆ ಪ್ರತಿ ರಿಪೋರ್ಟೂ ಅದರ ಜೊತೆ ಜಾಯಿನ್ ಆಗುತ್ತದೆ. ತಡೆದವನ ಸೆಷನ್ ಸ್ಥಿತಿ ನೋಡಿದರೆ: ಐಡಲ್.

ಸಿಪಿಯು ಜಾಸ್ತಿ ತಿನ್ನುವವರನ್ನು ಮೇಲಿಂದ ಕೆಳಗೆ ಜೋಡಿಸಿ ಹುಡುಕುವ ಅಭ್ಯಾಸ ನಮ್ಮೆಲ್ಲರದು, ಅಲ್ವಾ? ಆ ಪಟ್ಟಿಯಲ್ಲಿ ಇವನು ಕೊನೇ ಪುಟದಲ್ಲೂ ಕಾಣುವುದಿಲ್ಲ. ಅವನು ಏನೂ ಮಾಡುತ್ತಿಲ್ಲ. 8:55ಕ್ಕೆ ಬಿಟಿ ಹಾಕಿ ಟ್ರಾನ್ಸಾಕ್ಷನ್ ಶುರು ಮಾಡಿದ್ದಾನೆ, ಬ್ರಾಂಚ್ ಮಾಸ್ಟರ್ ಮೇಲೆ ಒಂದು ಅಪ್‌ಡೇಟ್ ಓಡಿಸಿದ್ದಾನೆ, ಎರಡು ಸೆಕೆಂಡಿನಲ್ಲಿ ಮುಗಿದಿದೆ. ಟ್ರಾನ್ಸಾಕ್ಷನ್ ಮುಗಿಸುವ ಇಟಿ ಹಾಕುವುದನ್ನು ಮರೆತು ತಿಂಡಿಗೆ ಹೋಗಿದ್ದಾನೆ. ಅಪ್‌ಡೇಟ್ ಇಡೀ ಟೇಬಲ್ ಮೇಲೆ ಹೋಗಿದ್ದರಿಂದ ಟೇಬಲ್ ಮಟ್ಟದ ರೈಟ್ ಲಾಕ್. ಇಟಿ ಬರುವ ತನಕ ಲಾಕ್ ಬಿಡುವುದಿಲ್ಲ. ಓದಲು ಬಂದವರೆಲ್ಲ ರೀಡ್ ಲಾಕ್ ಕೇಳಿ ನಿಂತರು, ಒಬ್ಬೊಬ್ಬರಾಗಿ ಹತ್ತು ಎಲೆಯಲ್ಲಿ ಒಂಬತ್ತನ್ನು ಹಿಡಿದರು. ಉಳಿದ ಒಂದೇ ಎಲೆಯಲ್ಲಿ ಆಗಾಗ ಬೇರೆ ರಿಪೋರ್ಟ್ ಓಡುತ್ತಿತ್ತು. ಸರದಿ ಪೂರ್ತಿ ನಿಂತಿರಲಿಲ್ಲ, ಅದಕ್ಕೇ ಯಾರಿಗೂ ಬೇಗ ಅನುಮಾನ ಬರಲಿಲ್ಲ.

ಮಿತಿಯನ್ನು 30ಕ್ಕೆ ಏರಿಸಿದ್ದರೆ ಏನಾಗುತ್ತಿತ್ತು? ಇನ್ನೂ ಇಪ್ಪತ್ತು ರಿಪೋರ್ಟ್ ಒಳಗೆ ಬಂದು ಅದೇ ಲಾಕ್ ಮುಂದೆ ಕೂರುತ್ತಿದ್ದವು. ಕ್ವೆರಿ ಮಾನಿಟರ್‌ನಲ್ಲಿ ಡಿಲೇಡ್ ಕಮ್ಮಿಯಾಗಿ ಬ್ಲಾಕ್ಡ್ ಜಾಸ್ತಿಯಾಗುತ್ತಿತ್ತು. ಫೋನ್ ಮಾತ್ರ ನಿಲ್ಲುತ್ತಿರಲಿಲ್ಲ.

ಹುಡುಗನಿಗೆ ಕರೆ ಮಾಡಿದೆವು, ಎತ್ತಲಿಲ್ಲ. 9:52ಕ್ಕೆ ಅವನ ಸೆಷನ್ ಅಬಾರ್ಟ್ ಮಾಡಿದೆವು. ಹಾಗೆ ಮಾಡುವ ಮೊದಲು ಒಂದು ವಿಷಯ ನೋಡಿಕೊಂಡೆವು, ಅವನು ಎಷ್ಟು ಸಾಲು ಬದಲಿಸಿದ್ದಾನೆ ಎಂದು. ಅಬಾರ್ಟ್ ಅಂದರೆ ರೋಲ್‌ಬ್ಯಾಕ್, ಮಾಡಿದ ಬದಲಾವಣೆಯೆಲ್ಲ ವಾಪಸ್. ಪುಟ್ಟ ಟೇಬಲ್ ಆದ್ದರಿಂದ ಕ್ಷಣದಲ್ಲಿ ಮುಗಿಯಿತು. ಕೋಟಿ ಸಾಲು ಬದಲಿಸಿದ್ದರೆ ರೋಲ್‌ಬ್ಯಾಕ್ ಮುಗಿಯುವ ತನಕ ಲಾಕ್ ಹಾಗೇ ಇರುತ್ತಿತ್ತು. ಆಗ ಅವನು ತಿಂಡಿ ಮುಗಿಸಿ ಬರುವ ತನಕ ಕಾಯುವುದೇ ಲಾಭ.

ಆಮೇಲೆ ಮಾಡಿದ ನಿಜವಾದ ರಿಪೇರಿ ಬೇರೆ. ರಿಪೋರ್ಟ್‌ಗಳು ಟೇಬಲ್‌ಗಳನ್ನು ನೇರವಾಗಿ ಓದುತ್ತಿದ್ದವು. ಮಧ್ಯೆ ವ್ಯೂ (ಟೇಬಲ್ ಓದಲು ಇಟ್ಟ ಕಿಟಕಿಯಂಥದ್ದು) ಹಾಕಿ, ಅದರಲ್ಲಿ ‘ಲಾಕಿಂಗ್ ರೋ ಫಾರ್ ಆಕ್ಸೆಸ್’ ಸೇರಿಸಿದೆವು. ಹಾಗೆ ಓದುವವರು ರೈಟ್ ಲಾಕ್‌ಗೆ ಕಾಯುವುದಿಲ್ಲ. ಅದರ ಬೆಲೆಯೂ ಇದೆ: ಇನ್ನೂ ಇಟಿ ಆಗದ, ನಾಳೆ ರೋಲ್‌ಬ್ಯಾಕ್ ಆಗಬಹುದಾದ ಸಾಲುಗಳೂ ರಿಪೋರ್ಟ್‌ನಲ್ಲಿ ಕಾಣಬಹುದು. ಬ್ರಾಂಚ್ ಹೆಸರುಗಳಿಗೆ ಅಡ್ಡಿಯಿಲ್ಲ. ಲೆಕ್ಕಪತ್ರ ಹೊಂದಿಸುವ ರಿಪೋರ್ಟ್‌ಗೆ ನಾನು ಇದನ್ನು ಹಾಕುವುದಿಲ್ಲ.

ಹುಳಿ ಬಕೆಟ್ ಹಿಡಿದು ಹೊರಗೆ ನಿಂತವನು

ಮೊದಲೇ ಹೇಳಿದ ಕೆಟ್ಟ ಅಪವಾದ ಇದು. ನಿಂತ ಕ್ವೆರಿ ಲಾಕ್ ಹಿಡಿದಿರುವುದಿಲ್ಲ ಎಂದೆನಲ್ಲ, ಆ ಕ್ವೆರಿಯ ಮಟ್ಟಿಗೆ ಅದು ನಿಜ. ಆದರೆ ಅದೇ ಟ್ರಾನ್ಸಾಕ್ಷನ್‌ನಲ್ಲಿ ಅದಕ್ಕಿಂತ ಮುಂಚೆ ಓಡಿದ ಕ್ವೆರಿ ಹಿಡಿದ ಲಾಕ್?

ಒಂದು ಲೋಡ್ ಜಾಬ್ ಎಂದುಕೊಳ್ಳಿ. ಬಿಟಿ. ಆಮೇಲೆ ಡಿಲೀಟ್. ಆಮೇಲೆ ದೊಡ್ಡ ಇನ್ಸರ್ಟ್-ಸೆಲೆಕ್ಟ್. ಕೊನೆಗೆ ಇಟಿ. ಡಿಲೀಟ್ ಸಲೀಸಾಗಿ ಮುಗಿಯಿತು, ಟೇಬಲ್ ಮೇಲೆ ರೈಟ್ ಲಾಕ್ ಕೈಯಲ್ಲೇ ಇದೆ. ಇನ್ಸರ್ಟ್ ಬಂದಾಗ ಸಿಸ್ಟಮ್ ಥ್ರಾಟಲ್ ತುಂಬಿದೆ, ಡಿಲೇ. ಒಳಗೆ ಕೂತ ರಿಪೋರ್ಟ್‌ಗಳೋ, ಅದೇ ಟೇಬಲ್‌ನ ಲಾಕ್‌ಗೆ ಕಾಯುತ್ತಿವೆ. ಪಂಕ್ತಿಯವರು ಹುಳಿ ಬರಲಿ ಎಂದು ಕೂತಿದ್ದಾರೆ. ಹುಳಿ ಬಕೆಟ್ ಹಿಡಿದವನು ಜಾಗ ಇಲ್ಲ ಎಂದು ಬಾಗಿಲಲ್ಲಿ ನಿಂತಿದ್ದಾನೆ.

ಡೆಡ್‌ಲಾಕ್ ಪತ್ತೆಹಚ್ಚುವ ವ್ಯವಸ್ಥೆಗೆ ಇದು ಕಾಣುವುದಿಲ್ಲ. ಅದು ನೋಡುವುದು ಲಾಕ್‌ಗೆ ಲಾಕ್ ಸಿಕ್ಕಿಕೊಂಡದ್ದನ್ನು. ಇಲ್ಲಿ ಒಂದು ಕಡೆ ಲಾಕ್, ಇನ್ನೊಂದು ಕಡೆ ಥ್ರಾಟಲ್. ಗುರುತು ಹಿಡಿಯುವುದು ಹೇಗೆಂದರೆ, ಬ್ಲಾಕ್ಡ್ ಸೆಷನ್‌ಗಳನ್ನು ತಡೆದವನ ಸ್ಥಿತಿಯನ್ನೇ ನೋಡಿ. ಅದು ಐಡಲ್ ಆಗಿದ್ದರೆ ಸೋಮವಾರದ ಕಥೆ. ಅದು ಡಿಲೇಡ್ ಆಗಿದ್ದರೆ ಈ ಕಥೆ.

ರಿಲೀಸ್ ಗುಂಡಿಯನ್ನು ನಾನು ಸಂಕೋಚವಿಲ್ಲದೆ ಒತ್ತುವುದು ಇದೊಂದೇ ಸಂದರ್ಭದಲ್ಲಿ. ಬಕೆಟ್ ಹಿಡಿದವನನ್ನು ಒಳಗೆ ಬಿಟ್ಟರೆ ಉಳಿದದ್ದು ತಾನಾಗೇ ಕರಗುತ್ತದೆ. ಮತ್ತೆ ಮತ್ತೆ ಆಗದಿರಲು ವರ್ಕ್‌ಲೋಡ್ ಡಿಸೈನರ್‌ನಲ್ಲಿ ‘ಪ್ರಿವೆಂಟ್ ಮಿಡ್-ಟ್ರಾನ್ಸಾಕ್ಷನ್ ಥ್ರಾಟಲ್ ಡಿಲೇಸ್’ ಎಂಬ ಆಯ್ಕೆ ಇದೆ. ಟ್ರಾನ್ಸಾಕ್ಷನ್ ಮಧ್ಯೆ ಲಾಕ್ ಹಿಡಿದವರನ್ನು ಬಾಗಿಲಲ್ಲಿ ನಿಲ್ಲಿಸಬೇಡ ಎಂದು ಅದರ ಅರ್ಥ. ಇದು ಆನ್ ಇದೆಯೇ ಎಂದು ಇವತ್ತೇ ನೋಡಿಬಿಡಿ. ನಾನು ಕಾಲಿಟ್ಟ ಎರಡು ಕಡೆ ಆಫ್ ಇತ್ತು, ಯಾಕೆ ಎಂದು ಕೇಳಿದರೆ ಯಾರಿಗೂ ಗೊತ್ತಿರಲಿಲ್ಲ.

ಉಳಿದ ಕಾರಣಗಳು, ಬೇಗಬೇಗ

ಒಳಗಿರುವ ಹತ್ತೂ ಆಕ್ಟಿವ್, ಸಿಪಿಯು 100 ಮುಟ್ಟಿದೆ ಎಂದಾದರೆ ಥ್ರಾಟಲ್ ತನ್ನ ಕೆಲಸ ಮಾಡುತ್ತಿದೆ. ಅದನ್ನು ಬೈಯಬೇಡಿ. ಹತ್ತರಲ್ಲಿ ಕೆಟ್ಟ ಪ್ಲಾನ್ ಯಾವುದು ಎಂದು ಹುಡುಕಿ. ಹಳೇ ಸ್ಟಾಟಿಸ್ಟಿಕ್ಸ್‌ನಿಂದಾಗಿ ಪ್ರಾಡಕ್ಟ್ ಜಾಯಿನ್‌ಗೆ (ಒಂದು ಟೇಬಲ್‌ನ ಪ್ರತಿ ಸಾಲನ್ನೂ ಇನ್ನೊಂದರ ಪ್ರತಿ ಸಾಲಿನ ಜೊತೆ ಹೋಲಿಸುವುದಕ್ಕೆ) ಬಿದ್ದಿದ್ದು, ಅಥವಾ ಸ್ಕ್ಯೂ ಆಗಿ ಒಂದೇ ಆಂಪ್ ದುಡಿಯುತ್ತಾ ಉಳಿದವು ನೋಡುತ್ತಾ ಕೂತದ್ದು. ಒಂದೆರಡು ಇಂಥವು ಎರಡು ಗಂಟೆ ಜಾಗ ಹಿಡಿದರೆ ಸರದಿ ಬೆಳೆಯದೆ ಇನ್ನೇನಾಗುತ್ತದೆ?

ಸಣ್ಣ ಸಣ್ಣ ಕ್ವೆರಿಗಳು ದೊಡ್ಡವುಗಳ ಹಿಂದೆ ನಿಂತಿದ್ದರೆ ವಿಂಗಡಣೆ ತಪ್ಪಿದೆ. ಅರ್ಧ ಸೆಕೆಂಡಿನ ಟ್ಯಾಕ್ಟಿಕಲ್ ಕ್ವೆರಿಗೆ ಥ್ರಾಟಲ್ ಹಾಕುವುದು ಒಂದು ಲೋಟ ನೀರು ಕೇಳಿದವನನ್ನೂ ಊಟದ ಸರದಿಯಲ್ಲಿ ನಿಲ್ಲಿಸಿದ ಹಾಗೆ. ಅವಕ್ಕೆ ಬೇರೆ ವರ್ಕ್‌ಲೋಡ್ ಮಾಡಿ. ಡಿಲೇ ಕ್ಯೂ ಬಂದ ಕ್ರಮದಲ್ಲಿ ಸಾಗಬೇಕೋ ವರ್ಕ್‌ಲೋಡ್‌ನ ಆದ್ಯತೆ ಪ್ರಕಾರವೋ ಎಂಬುದಕ್ಕೂ ಒಂದು ಆಯ್ಕೆ ಇದೆ, ಅದನ್ನೂ ನೋಡಿ.

ದಿನಾ ಒಂದೇ ಹೊತ್ತಿಗೆ, ಉದಾಹರಣೆಗೆ ಬೆಳಿಗ್ಗೆ ಸರಿಯಾಗಿ 7ಕ್ಕೆ, ಸರದಿ ಹುಟ್ಟಿದರೆ ವೇಳಾಪಟ್ಟಿ ನೋಡಿ. ರಾತ್ರಿಗೆ ಒಂದು ಮಿತಿ, ಹಗಲಿಗೆ ಒಂದು ಮಿತಿ ಎಂದು ಟ್ಯಾಸ್ಮ್‌ನಲ್ಲಿ ಹೊತ್ತಿನ ಪ್ರಕಾರ ಬದಲಿಸಬಹುದು. ರಾತ್ರಿ ಬ್ಯಾಚ್‌ಗೆ 12 ಇದ್ದದ್ದು 7ಕ್ಕೆ 4 ಆಯಿತು ಎನ್ನಿ. ಬ್ಯಾಚ್ ಇನ್ನೂ ಮುಗಿದಿಲ್ಲ, 12 ಓಡುತ್ತಿವೆ. ಮಿತಿ ಇಳಿದ ಮಾತ್ರಕ್ಕೆ ಓಡುವವನ್ನು ಯಾರೂ ಎಬ್ಬಿಸುವುದಿಲ್ಲ. 12 ಇದ್ದದ್ದು 4ಕ್ಕಿಂತ ಕೆಳಗೆ ಬರುವ ತನಕ ಹೊಸದೊಂದೂ ಒಳಗೆ ಹೋಗುವುದಿಲ್ಲ. 7:05ಕ್ಕೆ ನೋಡುವವರಿಗೆ ಮಿತಿ 4, ಓಡುತ್ತಿರುವುದು 10. "ಥ್ರಾಟಲ್ ಕೆಟ್ಟಿದೆ" ಎಂದು ಟಿಕೆಟ್ ಎತ್ತುತ್ತಾರೆ. ಇಂಥ ಒಂದು ಟಿಕೆಟ್ ನಮ್ಮಲ್ಲಿ ಮೂರು ದಿನ ಮೂರು ಟೀಮ್ ಸುತ್ತಿ ಬಂತು.

ಮುಗಿದ ಮೇಲೆ ಲಾಗ್ ಓದುವುದು

ಘಟನೆ ಮುಗಿದ ಮೇಲೆ ಡಿಬಿಕ್ಯೂಎಲ್ ಕೆಲಸಕ್ಕೆ ಬರುತ್ತದೆ. ಕಾಯಲು ಪುರುಸೊತ್ತಿಲ್ಲದಿದ್ದರೆ ‘ಫ್ಲಶ್ ಕ್ವೆರಿ ಲಾಗಿಂಗ್ ವಿತ್ ಆಲ್’ ಎಂದು ಹಾಕಿ, ಕ್ಯಾಶ್‌ನಲ್ಲಿರುವುದು ಟೇಬಲ್‌ಗೆ ಇಳಿಯುತ್ತದೆ. ನೋಡಬೇಕಾದ ಕಾಲಂಗಳು ಸ್ಟಾರ್ಟ್‌ಟೈಮ್, ಫಸ್ಟ್‌ಸ್ಟೆಪ್‌ಟೈಮ್, ಫಸ್ಟ್‌ರೆಸ್ಪ್‌ಟೈಮ್, ಡಿಲೇಟೈಮ್, ಲಾಕ್‌ಡಿಲೇ.

ಫೋನ್ ಮಾಡಿದವರ ಸೇಲ್ಸ್ ರಿಪೋರ್ಟ್ ಹೀಗಿತ್ತು. ಶುರು 9:20:11. ಮೊದಲ ಹಂತ ಹೊರಟಿದ್ದು 9:53:02. ಮೊದಲ ಉತ್ತರ 9:53:07. ಡಿಲೇಟೈಮ್ 1970. ಅಂದರೆ 32 ನಿಮಿಷ 51 ಸೆಕೆಂಡ್, ಒಟ್ಟು 1971 ಸೆಕೆಂಡ್ ಹೊರಗೆ. ಅದರಲ್ಲಿ 1970 ಬಾಗಿಲಲ್ಲಿ, ಉಳಿದ ಚೂರು ಪ್ಲಾನ್ ಮಾಡಲು. ಊಟ ಮಾಡಿದ್ದು ಐದು ಸೆಕೆಂಡ್. "ಈ ಕ್ವೆರಿ ಟ್ಯೂನ್ ಮಾಡಿ, ಅರ್ಧ ಗಂಟೆ ತಗೊಳ್ತಿದೆ" ಎಂದು ಮ್ಯಾನೇಜರ್ ಮೇಲ್ ಬಂದಿತ್ತು. ಐದು ಸೆಕೆಂಡಿನದ್ದನ್ನು ಏನು ಟ್ಯೂನ್ ಮಾಡುವುದು?

ಒಳಗೆ ಬ್ಲಾಕ್ ಆಗಿದ್ದ ಒಂಬತ್ತರ ಚಿತ್ರ ತಿರುಗುಮುರುಗು. ಅವುಗಳಲ್ಲಿ ಮೊದಲು ಒಳಗೆ ಹೋದವಕ್ಕೆ ಡಿಲೇಟೈಮ್ ಏನೂ ಇಲ್ಲ, ಮೊದಲ ಹಂತ ತಕ್ಷಣ ಹೊರಟಿದೆ. ಉತ್ತರ ಬರಲು ಐವತ್ತು ನಿಮಿಷ, ಸಿಪಿಯು ಮಾತ್ರ ಚಿಟಿಕೆಯಷ್ಟು. ಲಾಕ್‌ಡಿಲೇ ಕಾಲಂ ತುಂಬಿರುತ್ತದೆ. ಎರಡು ಕಾಲಂ ಹೋಲಿಸುವಾಗ ಹುಷಾರು: ಡಿಲೇಟೈಮ್ ಸೆಕೆಂಡಿನಲ್ಲಿದೆ, ಲಾಕ್‌ಡಿಲೇ ಸೆಕೆಂಡಿನ ನೂರನೇ ಒಂದು ಭಾಗದಲ್ಲಿ. ಇದನ್ನು ಮರೆತು ಲಾಕ್‌ಗೆ ಮೂರು ದಿನ ಕಾದಿದೆ ಎಂದು ತೋರಿಸುವ ಗ್ರಾಫ್ ಒಂದನ್ನು ನಾನೇ ಮೀಟಿಂಗ್‌ನಲ್ಲಿ ಹಾಕಿದ್ದೆ.

ಸರಾಸರಿಯನ್ನು ನಂಬಬೇಡಿ. ದಿನದ ಸಾವಿರಾರು ಕ್ವೆರಿಗಳಲ್ಲಿ ಹೆಚ್ಚಿನವು ಸೀದಾ ಒಳಗೆ ಹೋಗಿರುತ್ತವೆ, ಅವೆಲ್ಲ ಸೇರಿ ಸರಾಸರಿ ಎರಡು ಸೆಕೆಂಡ್ ಎಂದು ಬರುತ್ತದೆ. ಡಿಲೇಟೈಮ್ ಸೊನ್ನೆಗಿಂತ ಜಾಸ್ತಿ ಇರುವುದನ್ನು ಮಾತ್ರ ತೆಗೆದು, ಗಂಟೆಗೊಂದು ಸಾಲಿನಂತೆ, ವರ್ಕ್‌ಲೋಡ್ ಪ್ರಕಾರ, ಎಷ್ಟು ನಿಂತವು, ಅತಿ ಹೆಚ್ಚು ಎಷ್ಟು ಹೊತ್ತು ಎಂದು ನೋಡಿ. ಯಾವ ಗಂಟೆ ನೋವು ಕೊಡುತ್ತಿದೆ ಎಂದು ಅದೇ ಹೇಳುತ್ತದೆ.

ಕಾವಲು ಹೇಗೆ

ಮುಂಚೆ ನಮ್ಮ ಅಲರ್ಟ್ ಡಿಲೇ ಕ್ಯೂನಲ್ಲಿ 20 ದಾಟಿದರೆ ಬರುತ್ತಿತ್ತು. ತಿಂಗಳ ಕೊನೆಗೆ ದಿನಾ ಹತ್ತು ಸಲ ಬರುತ್ತಿತ್ತು, ಎರಡು ನಿಮಿಷದಲ್ಲಿ ತಾನೇ ಕರಗುತ್ತಿತ್ತು. ಕೊನೆಗೆ ಎಲ್ಲರೂ ಅದನ್ನು ಮ್ಯೂಟ್ ಮಾಡಿದರು, ನಾನೂ ಸೇರಿ. ಸೋಮವಾರ ಅದು 9:15ಕ್ಕೇ ಬಂದಿತ್ತು, ಆಮೇಲೆ ನೋಡಿದೆ.

ಈಗ ಎರಡನ್ನು ನೋಡುತ್ತೇವೆ. ಸರದಿಯಲ್ಲಿ ಅತಿ ಹಳಬ ಎಷ್ಟು ಹೊತ್ತಿನಿಂದ ನಿಂತಿದ್ದಾನೆ ಎಂಬುದು ಒಂದು, ಅದು ಐದು ನಿಮಿಷ ದಾಟಿದರೆ ಅಲರ್ಟ್. ಥ್ರಾಟಲ್ ಒಳಗಿರುವವರಲ್ಲಿ ಎಷ್ಟು ಮಂದಿ ಬ್ಲಾಕ್ಡ್ ಎಂಬುದು ಇನ್ನೊಂದು, ಅದು ಅರ್ಧಕ್ಕಿಂತ ಜಾಸ್ತಿಯಾದರೆ ಅಲರ್ಟ್. ಎರಡೂ ಒಟ್ಟಿಗೆ ಬಂದರೆ ಯಾರಾದರೂ ಎದ್ದು ನೋಡಲೇಬೇಕು. ಜೊತೆಗೆ ನಿಮಿಷಕ್ಕೊಮ್ಮೆ ಆ ಟೇಬಲ್ ಫಂಕ್ಷನ್ ಓಡಿಸಿ ಒಂದು ಟೇಬಲ್‌ಗೆ ತುಂಬಿಸುತ್ತೇವೆ. ಯಾವ ಕ್ಷಣ ಯಾರು ನಿಂತಿದ್ದರು ಎಂಬುದು ಲಾಗ್‌ನಿಂದ ಹಿಂದಕ್ಕೆ ಲೆಕ್ಕ ಹಾಕುವುದಕ್ಕಿಂತ ಹೀಗೆ ಸುಲಭ. ಹಾಗೆ ಓಡಿಸುವ ಯೂಸರ್‌ನನ್ನು ಬೈಪಾಸ್ ಪಟ್ಟಿಗೆ ಸೇರಿಸಿ. ಇಲ್ಲದಿದ್ದರೆ ಸರದಿ ಎಣಿಸಲು ಹೋದವನೂ ಸರದಿಯಲ್ಲೇ ನಿಲ್ಲುತ್ತಾನೆ. ನಮಗೆ ಹಾಗೂ ಆಗಿತ್ತು.

ಮಿತಿ ಏರಿಸುವ ಮಾತು ಬಂದರೆ, ಎಲ್ಲ ಸೀಟೂ ನಿಜವಾಗಿ ಆಕ್ಟಿವ್ ಇದ್ದು, ಸಿಪಿಯು ಮತ್ತು ವರ್ಕರ್ ಟಾಸ್ಕ್ ಎರಡೂ ಉಳಿದಿದ್ದರೆ ಮಾತ್ರ ಏರಿಸುತ್ತೇವೆ, ಅದೂ ಒಂದು ಸಲಕ್ಕೆ ಎರಡರಂತೆ. 16ನೇ ಆವೃತ್ತಿಯಿಂದ ಫ್ಲೆಕ್ಸ್ ಥ್ರಾಟಲ್ ಬಂದಿದೆ. ಮೆಷಿನ್‌ನಲ್ಲಿ ಜಾಗ ಇದ್ದರೆ ಅದೇ ಸರದಿಯಿಂದ ಕೆಲವನ್ನು ಒಳಗೆ ಬಿಡುತ್ತದೆ. ಒಳ್ಳೇದೇ. ಆದರೆ ಸೋಮವಾರದಂಥ ದಿನ ಅದು ಆನ್ ಇದ್ದಿದ್ದರೆ, ಸಿಪಿಯು ಖಾಲಿ ಇದೆ ಎಂದು ಇನ್ನಷ್ಟು ಜನರನ್ನು ಒಳಗೆ ಕರೆದು ಅದೇ ಲಾಕ್ ಮುಂದೆ ಕೂರಿಸುತ್ತಿತ್ತು. ಅದಕ್ಕೇ ಮೊದಲು ವ್ಯೂಗಳ ಕೆಲಸ ಮುಗಿಸಿ, ಆಮೇಲೆ ಆನ್ ಮಾಡಿದೆವು.

ಸೆಷನ್ ಅಬಾರ್ಟ್ ಆದ ಮೇಲೆ 43ರ ಸರದಿ ಪೂರ್ತಿ ಕರಗಲು ಆರು ನಿಮಿಷ ಹಿಡಿಯಿತು. ಹತ್ತೂಕಾಲಿಗೆ ಆ ಹುಡುಗ ಮೇಲಿನ ಮಹಡಿಯಿಂದ ಇಳಿದು ಬಂದ. "ಸರ್, ನನ್ನ ಕನೆಕ್ಷನ್ ಕಟ್ ಆಗಿದೆ. ನಾನೇನೂ ರನ್ ಮಾಡ್ತಿರ್ಲಿಲ್ಲವಲ್ಲ?" ನಿಜ, ಮಾಡುತ್ತಿರಲಿಲ್ಲ. ಕುರ್ಚಿ ಎಳೆದು ಕೂರಿಸಿ, ಅವನ ಸೆಷನ್ ನಂಬರ್ ಕೆಳಗೆ ಸಾಲಾಗಿ ನಿಂತ ಒಂಬತ್ತು ಹೆಸರುಗಳ ಸ್ಕ್ರೀನ್‌ಶಾಟ್ ತೋರಿಸಿದೆ. ಅವನು ತುಂಬಾ ಹೊತ್ತು ಅದನ್ನೇ ನೋಡಿದ. ಆಮೇಲೆ ಕೇಳಿದ: "ಹಾಗಾದ್ರೆ ನನ್ನ ಅಪ್‌ಡೇಟ್ ಮತ್ತೆ ಹಾಕ್ಬೇಕಾ ಸರ್?"